ಅಪ್ಪ ಅಳೋದೇ ಇಲ್ಲ, ಇದು ಡಿಪ್ರೆಶನ್ ಹೌದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮಪ್ಪನಿಗೆ ಈಗ 74. ಅಮ್ಮ ಹೋಗಿ ಒಂದೂವರೆ ವರ್ಷ ಆಯ್ತು. ಮೊದಲ ಆರು ತಿಂಗಳು ತುಂಬಾ ಅತ್ರು, ಆಮೇಲೆ ಸುಧಾರಿಸ್ಕೊಂಡು ಪೇಪರ್ ಓದೋದು, ವಾಕಿಂಗು ಎಲ್ಲ ಶುರು ಮಾಡಿದ್ರು. ಈಗ ಮೂರು ತಿಂಗಳಿಂದ ಬೇರೇನೇ ಮನುಷ್ಯ ಆಗ್ಬಿಟ್ಟಿದಾರೆ. ಬೆಳಗಿನ ಜಾವ ಮೂರೂವರೆಗೇ ಎದ್ದು ಕತ್ತಲಲ್ಲಿ ಮಂಚದ ತುದೀಲಿ ಕೂತಿರ್ತಾರೆ. ಮೊದಲು ಹೊಟ್ಟೆ ಉರಿ, ಸೊಂಟ ನೋವು ಅಂತಿದ್ರು, ಎರಡು ಕಡೆ ತೋರಿಸಿ ಸ್ಕ್ಯಾನ್ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು, ಒಬ್ರಂತೂ ವಯಸ್ಸಾಯ್ತಲ್ಲ ಅಂತ ಟಾನಿಕ್ ಬರ್ದು ಕಳಿಸಿದ್ರು. ಒಂದು ತಿಂಗಳಿಂದ ದುಡ್ಡೆಲ್ಲ ಖಾಲಿ, ಮನೆ ಹರಾಜಿಗೆ ಬಂದಿದೆ ಅಂತಾರೆ. ಪಾಸ್‌ಬುಕ್ ಕೈಗೆ ಕೊಟ್ಟು ಪೆನ್ಷನ್ ಬಂದಿರೋ ಸಾಲು ತೋರಿಸಿದ್ರೆ, ಬೆರಳಿಟ್ಟು ಓದಿ, "ಇದು ಹಳೇದು" ಅಂತ ಮಡಚಿ ಇಡ್ತಾರೆ. ಬೇರೆ ಏನು ಕೇಳಿದ್ರೂ "ಗೊತ್ತಿಲ್ಲ". ತೂಕ 61 ಕೆಜಿ ಇದ್ದಿದ್ದು 53ಕ್ಕೆ ಬಂದಿದೆ, ಹತ್ತು ದಿನದಿಂದ ಎರಡು ತುತ್ತು ತಿಂದು ತಟ್ಟೆ ಸರಿಸ್ತಾರೆ, ನೀರೂ ಅಷ್ಟಕ್ಕಷ್ಟೇ. ಅಣ್ಣ ಇದು ಮರೆವಿನ ಕಾಯಿಲೆ, ಔಷಧಿ ಇಲ್ಲ ಅಂತಾನೆ. ನೆಂಟರು ಹಠ ಅಂತಾರೆ. ನನಗೆ ಡಿಪ್ರೆಶನ್ ಇರಬಹುದಾ ಅಂತ ಅನುಮಾನ, ಆದ್ರೆ ಅಪ್ಪ ಒಂದು ಸಲನೂ ಅಳ್ತಿಲ್ಲ. ಅಣ್ಣ ಮುಂದಿನ ತಿಂಗಳು ಬರ್ತಾನೆ, ಆಗ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ ಅಂತಿದೀವಿ.
— ಮಗಳು, ಹೆಸರು ಬೇಡ

ಉತ್ತರ: ಮುಂದಿನ ತಿಂಗಳು ಬೇಡಮ್ಮ, ಅಣ್ಣ ಬರೋವರೆಗೂ ಕಾಯಬೇಡಿ. ಪತ್ರಿಕೆ ಅಚ್ಚಾಗಿ ಬರೋದು ತಡ ಆಗುತ್ತೆ ಅಂತ ನಿಮಗೆ ಮೊದಲೇ ಬೇರೆಯಾಗಿ ಉತ್ತರ ಕಳಿಸಿದೀನಿ, ಇಲ್ಲಿ ಹಾಕ್ತಿರೋದು ಇಂಥದ್ದೇ ಸ್ಥಿತೀಲಿರೋ ಬೇರೆ ಮನೆಯವರಿಗೂ ಗೊತ್ತಾಗಲಿ ಅಂತ. ಊಟ ನೀರು ಬಿಡ್ತಿದಾರೆ, ಎಂಟು ಕೆಜಿ ಇಳಿದಿದಾರೆ, ನಡೆಯದೇ ಇರೋದನ್ನ ನಡೆದಿದೆ ಅಂತ ನಂಬಿದಾರೆ, ಈ ಮೂರೂ ಒಟ್ಟಿಗಿದ್ರೆ ನಾವು ಅದನ್ನ ಎಮರ್ಜೆನ್ಸಿ ಅಂತಾನೇ ನೋಡೋದು. ವಯಸ್ಸಾದವರಲ್ಲಿ ನೀರು ಕಮ್ಮಿ ಆದ್ರೆ ಕಿಡ್ನಿ, ರಕ್ತದ ಸೋಡಿಯಂ ಎಲ್ಲ ಬೇಗ ಏರುಪೇರಾಗುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯಾನೂ ಇರುತ್ತೆ. ಮನೋವೈದ್ಯರೂ ಫಿಜಿಶಿಯನ್ನೂ ಇಬ್ರೂ ಇರೋ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಅಡ್ಮಿಟ್ ಮಾಡಿ ಅಂದ್ರೆ ಮಾಡಿ.

ಇನ್ನು ಅಳಲ್ಲ ಅನ್ನೋ ವಿಷಯ. ಇಲ್ಲೇ ಎಷ್ಟೋ ಮನೆಗಳು ಮೋಸ ಹೋಗೋದು. ಎಪ್ಪತ್ತು ದಾಟಿದವರು ಡಿಪ್ರೆಶನ್ನಲ್ಲಿ "ನನಗೆ ಬೇಜಾರು" ಅಂತ ಹೇಳದೇನೇ ಇರಬಹುದು, ಹೊಟ್ಟೆ ಉರಿ, ಸುಸ್ತು, ತಲೆ ಭಾರ, ಮಲಬದ್ಧತೆ ಅಂತಾನೇ ಹೇಳ್ತಾರೆ, ಮನಸ್ಸು ಹೇಳಬೇಕಾಗಿದ್ದನ್ನ ಮೈ ಹೇಳುತ್ತೆ. ಕೆಲವರು ಒಂದೇ ಕಡೆ ಕಲ್ಲಿನ ಹಾಗೆ ಕೂತಿರ್ತಾರೆ, ಇನ್ನು ಕೆಲವರು ಕೈ ಹೊಸಕ್ತಾ ಕೂತಲ್ಲಿ ಕೂರಲಾರದೆ ಓಡಾಡ್ತಾರೆ. ಇಷ್ಟ ಇದ್ದಿದ್ದು ಯಾವುದೂ ಬೇಡ ಅನ್ಸೋದು, ಜಾವದಲ್ಲೇ ಎಚ್ಚರ ಆಗಿ ಮತ್ತೆ ನಿದ್ದೆ ಬರದೇ ಇರೋದು, ಬೆಳಗ್ಗೆ ತೀರಾ ಕುಗ್ಗಿ ಸಂಜೆ ಹೊತ್ತಿಗೆ ಒಂಚೂರು ಪರವಾಗಿಲ್ಲ ಅನ್ನೋ ಥರ ಇರೋದು, ಇವು ತೀವ್ರ ಡಿಪ್ರೆಶನ್ನಿನ ಗಟ್ಟಿ ಗುರುತುಗಳು. ಇಂಥವು ಎರಡು ವಾರ ಬಿಡದೆ ಇದ್ರೆ ಸಾಕು, ತೋರಿಸಬೇಕು, ನಿಮ್ಮಪ್ಪನಿಗೆ ಮೂರು ತಿಂಗಳಾಗಿದೆ.

ದುಃಖಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಹೆಂಡತಿ ಹೋದ ದುಃಖ ಅಲೆ ಥರ ಬಂದು ಹೋಗುತ್ತೆ, ನಡುವೆ ಮೊಮ್ಮಗು ಬಂದ್ರೆ ಮುಖ ಅರಳುತ್ತೆ, ಹಳೇದು ನೆನೆಸ್ಕೊಂಡು ನಗ್ತಾರೆ. ಡಿಪ್ರೆಶನ್ನಲ್ಲಿ ಆ ನಡುವೆ ಅನ್ನೋದೇ ಇರಲ್ಲ. ನಿಮ್ಮಪ್ಪ ಮೊದಲು ಅತ್ತಿದ್ದು ದುಃಖ, ಅದು ಸರಿಯಾಗೇ ಇತ್ತು.

ದುಡ್ಡು ಖಾಲಿ ಆಗಿದೆ ಅನ್ನೋದರ ಬಗ್ಗೆ: ತೀವ್ರ ಡಿಪ್ರೆಶನ್ನಲ್ಲಿ ಕೆಲವರಿಗೆ ಹೀಗೆ ಭ್ರಮೆ ಬರುತ್ತೆ, ಬಡತನ ಬಂತು, ನಾನು ದೊಡ್ಡ ಪಾಪ ಮಾಡಿದೀನಿ, ನನ್ನ ಕರುಳು ಕೊಳೆತು ಹೋಗಿದೆ, ಹೀಗೆ. ವಯಸ್ಸಾದವರಲ್ಲಿ ಇದು ಹೆಚ್ಚು ಕಾಣುತ್ತೆ. ಫ್ರಾನ್ಸಿನ ಜೂಲ್ ಕೊಟಾರ್ ಅನ್ನೋ ವೈದ್ಯರು 1880ರಲ್ಲೇ, ತನಗೆ ಹೊಟ್ಟೆನೂ ಇಲ್ಲ ಕರುಳೂ ಇಲ್ಲ ಅಂತಿದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ರು. ನನ್ನ ಹತ್ರಾನೂ ಒಬ್ಬ ಅಜ್ಜಿನ ಕರ್ಕೊಂಡು ಬಂದಿದ್ರು, ಊಟ ಯಾಕೆ ಮಾಡಲ್ಲ ಅಂತ ಕೇಳಿದ್ರೆ ಸೆರಗಿನ ಮೇಲಿಂದಾನೇ ಹೊಟ್ಟೆ ಒತ್ತಿ ತೋರಿಸಿ, "ಒಳಗೆ ಜಾಗ ಮುಚ್ಚಿಹೋಗಿದೆ ಡಾಕ್ಟ್ರೇ, ಹಾಕಿದ್ದು ಎಲ್ಲಿಗೆ ಹೋಗಬೇಕು" ಅಂದ್ರು, ಅಷ್ಟು ಸಮಾಧಾನವಾಗಿ, ನಮಗೇ ತಿಳಿಹೇಳೋ ಥರ. ಅದನ್ನ ಹಠ ಅಂತ ಹೇಗಮ್ಮ ಅನ್ನೋದು. ಆದ್ರಿಂದ ಪಾಸ್‌ಬುಕ್ ತೋರಿಸೋದು ಇನ್ನು ಸಾಕು ಮಾಡಿ, ವಾದದಿಂದ ಆ ನಂಬಿಕೆ ಕರಗಲ್ಲ, ಹೌದು ಹೌದು ಅಂತ ತಲೆ ಆಡಿಸೋದೂ ಬೇಡ, "ನಿಮಗೆ ತುಂಬಾ ಭಯ ಆಗಿದೆ ಅಂತ ಗೊತ್ತಾಗ್ತಿದೆ ಅಪ್ಪ, ನಾನು ಜೊತೇಲಿದೀನಿ" ಅಂತ ಹೇಳಿ, ಅಷ್ಟು ಸಾಕು.

ಅಣ್ಣನ ಅನುಮಾನ ತೀರಾ ತಪ್ಪಲ್ಲ, ಎರಡೂ ಒಂದೇ ಥರ ಕಾಣುತ್ತೆ. ಮರೆವಿನ ಕಾಯಿಲೆ ಯಾವಾಗ ಶುರುವಾಯ್ತು ಅಂತ ಮನೆಯವರಿಗೆ ಸರಿಯಾಗಿ ಹೇಳೋಕಾಗಲ್ಲ, ವರ್ಷಗಟ್ಟಲೆ ನಿಧಾನವಾಗಿ ಬರುತ್ತೆ, ಮತ್ತೆ ಅವರು ಸಾಮಾನ್ಯವಾಗಿ ತಪ್ಪು ಉತ್ತರ ಹೇಳಿಯಾದ್ರೂ ಮುಚ್ಚಿಕೊಳ್ತಾರೆ. ಡಿಪ್ರೆಶನ್ನಲ್ಲಿ ಇಂಥ ತಿಂಗಳಿಂದ ಅಂತ ಹೇಳಬಹುದು, ನೀವು ಹೇಳಿದೀರಲ್ಲ ಹಾಗೆ, ಮತ್ತೆ ಅವರು ಉತ್ತರ ಹುಡುಕೋ ಪ್ರಯತ್ನಾನೇ ಮಾಡದೆ "ಗೊತ್ತಿಲ್ಲ" ಅಂತಾರೆ. ಎರಡೂ ಒಟ್ಟಿಗೆ ಇರೋದೂ ಉಂಟು, ಅದಕ್ಕೇ ಡಿಪ್ರೆಶನ್ ವಾಸಿಯಾದ ಮೇಲೆ ನೆನಪಿನ ಪರೀಕ್ಷೆ ಇನ್ನೊಂದ್ಸಲ ಮಾಡಿಸಬೇಕು. ಆದ್ರೆ ನಾಳೆ ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲಿ ಗೊಂದಲ ಶುರುವಾಗಿ, ಬೆಳಗ್ಗೆ ಸರಿ ಇದ್ದು ರಾತ್ರಿ ಯಾರ್ಯಾರನ್ನೋ ಕಾಣ್ತಿದ್ರೆ ಅದು ಸೋಂಕು, ಸೋಡಿಯಂ ಇಳಿತ, ಔಷಧಿ ದೋಷ ಯಾವುದೋ ಇರಬಹುದು, ಆಗ ಅದನ್ನೇ ಮೊದಲು ನೋಡಬೇಕು.

ಥೈರಾಯ್ಡ್, ಬಿ12, ರಕ್ತಹೀನತೆ, ಸಕ್ಕರೆ, ಸೋಡಿಯಂ, ಕಿಡ್ನಿ, ಒಂದು ಇಸಿಜಿ ಇಷ್ಟಂತೂ ಮಾಡಿಸ್ತಾರೆ. ಈಗ ತಗೊಳ್ತಿರೋ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ, ಹೆಸರು ಬರ್ಕೊಂಡು ಹೋಗೋದಕ್ಕಿಂತ ಅದೇ ವಾಸಿ.

ಒಂದು ಪ್ರಶ್ನೆ ನೀವೇ ಕೇಳಬೇಕು. "ಅಪ್ಪ, ಬದುಕಿರೋದೇ ಬೇಡ ಅನ್ಸುತ್ತಾ? ಜೀವ ತಗೊಳ್ಳೋ ಯೋಚನೆ ಬಂದಿದೆಯಾ?" ಕೇಳಿದ್ರೆ ತಲೇಲಿ ಇಲ್ಲದ್ದು ಹುಟ್ಟುತ್ತೆ ಅಂತ ಜನ ಹೆದರ್ತಾರೆ, ಹಾಗೆ ಆಗಲ್ಲ, ಎಷ್ಟೋ ಜನ ಯಾರಾದ್ರೂ ಕೇಳಿದ್ರಲ್ಲ ಅಂತ ಹಗುರ ಆಗ್ತಾರೆ. ವಯಸ್ಸಾದ ಗಂಡಸರಲ್ಲಿ, ಅದರಲ್ಲೂ ಹೆಂಡತಿ ಹೋದವರಲ್ಲಿ, ಈ ಅಪಾಯ ಜಾಸ್ತಿ, ಅವರು ಸುಳಿವು ಕೊಡೋದೂ ಕಮ್ಮಿ. ಹೌದು ಅಂದ್ರೆ ಒಂಟಿಯಾಗಿ ಬಿಡಬೇಡಿ, ಆಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಅಲ್ಲಿವರೆಗೂ ಮನೇಲಿರೋ ಮಾತ್ರೆ, ಕೀಟನಾಶಕ ಎಲ್ಲ ಬೀಗ ಹಾಕಿ ಕೀಲಿ ನಿಮ್ಮ ಹತ್ರ ಇಟ್ಕೊಳ್ಳಿ.

ಚಿಕಿತ್ಸೆ ವಿಷಯಕ್ಕೆ ಬಂದ್ರೆ, ಭ್ರಮೆ ಇರೋ ಡಿಪ್ರೆಶನ್ನಿಗೆ ಖಿನ್ನತೆಯ ಮಾತ್ರೆ ಒಂದೇ ಸಾಮಾನ್ಯವಾಗಿ ಸಾಲಲ್ಲ, ಭ್ರಮೆಗೆ ಕೊಡೋ ಮಾತ್ರೆನೂ ಜೊತೆಗೆ ಬೇಕಾಗುತ್ತೆ, ಇಲ್ಲಾಂದ್ರೆ ಇಸಿಟಿ, ಅಂದ್ರೆ ತಲೆಗೆ ಅಳತೆಯ ಕರೆಂಟ್ ಕೊಟ್ಟು ಮಿದುಳಲ್ಲಿ ಸ್ವಲ್ಪ ಹೊತ್ತು ಫಿಟ್ಸ್ ಬರಿಸೋ ಚಿಕಿತ್ಸೆ. ಊಟ ನೀರೇ ಬಿಟ್ಟವರಿಗೆ ಮಾತ್ರೆ ಕೆಲಸ ಮಾಡೋವರೆಗೂ ವಾರಗಟ್ಟಲೆ ಕಾಯೋಕಾಗಲ್ಲ, ಆದ್ದರಿಂದ ಡಾಕ್ಟರ್ ಇಸಿಟಿ ಅಂದ್ರೆ ಎದ್ದು ಬರಬೇಡಿ, ದಯವಿಟ್ಟು. ಕರೆಂಟ್ ಕೊಡೋದು ಅಂದ ತಕ್ಷಣ ಸಿನಿಮಾದಲ್ಲಿ ಕಟ್ಟಿಹಾಕಿ ಕೊಡೋ ದೃಶ್ಯ ಕಣ್ಮುಂದೆ ಬರುತ್ತೆ. 1938ರಲ್ಲಿ ಇಟಲೀಲಿ ಶುರುವಾದಾಗ ಅರಿವಳಿಕೆ ಇರಲಿಲ್ಲ, ನಿಜ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲ ಮಾಡೋ ಔಷಧಿ ಕೊಟ್ಟು ಮಾಡ್ತಾರೆ, ಮಿದುಳಲ್ಲಿ ಫಿಟ್ಸ್ ನಡೆಯೋದು ಸುಮಾರು ಒಂದು ನಿಮಿಷದೊಳಗೆ, ರೋಗಿಗೆ ಗೊತ್ತಾಗಲ್ಲ. ವಾರಕ್ಕೆ ಎರಡೋ ಮೂರೋ ಸಲ, ಒಟ್ಟು ಸಾಮಾನ್ಯವಾಗಿ 6ರಿಂದ 12. ವಯಸ್ಸಾದವರಿಗೆ, ಭ್ರಮೆ ಇರೋರಿಗೆ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ. ತೊಂದರೆನೂ ಹೇಳಬೇಕು: ಎದ್ದ ಮೇಲೆ ಸ್ವಲ್ಪ ಹೊತ್ತು ಗೊಂದಲ ಇರುತ್ತೆ, ಆ ವಾರಗಳ ಆಸುಪಾಸಿನ ಕೆಲವು ನೆನಪು ಹೋಗುತ್ತೆ, ಅದರಲ್ಲಿ ಕೆಲವು ವಾಪಸ್ ಬರದೇನೂ ಇರಬಹುದು. ಹೃದಯ, ಬಿಪಿ ಮೊದಲೇ ಚೆಕ್ ಮಾಡಿಸ್ತಾರೆ. ಆ ಅಜ್ಜಿಗೂ ಇದನ್ನೇ ಮಾಡಿದ್ದು. ನಾಲ್ಕನೇದು ಆದ ಮಾರನೇ ದಿನ ರೌಂಡ್ಸಿಗೆ ಹೋದಾಗ ಮಂಚದ ಮೇಲೆ ತಡಕಾಡ್ತಾ "ನನ್ನ ಕನ್ನಡಕ ಎಲ್ಲಿಟ್ರಿ" ಅಂತ ಸೊಸೇನ ಗದರ್ತಿದ್ರು, ಎರಡು ತಿಂಗಳಿಂದ ಆ ಕನ್ನಡಕ ಮುಟ್ಟೇ ಇರಲಿಲ್ಲ, ಸೊಸೆ ಬಾಗಿಲ ಹತ್ರ ನಿಂತು ಅಳ್ತಿದ್ರು.

ವಾಸಿಯಾದ ಮೇಲೆ ಮಾತ್ರೆ ನಿಲ್ಲಿಸೋ ಆತುರ ಬೇಡ, ಇದು ಮರುಕಳಿಸೋ ಕಾಯಿಲೆ, ಕಡಿಮೆ ಅಂದ್ರೂ ಒಂದು ವರ್ಷ ಮುಂದುವರಿಸಬೇಕು. ಸ್ವಲ್ಪ ಮಾತಾಡೋ ಹಾಗಾದ ಮೇಲೆ ಕೌನ್ಸೆಲಿಂಗ್ ಶುರು ಮಾಡಬಹುದು, ಈಗಲೇ ಕೂರಿಸಿ ಧೈರ್ಯ ಹೇಳಿಸಿ ಪ್ರಯೋಜನ ಇಲ್ಲ.

ಪ್ರಶ್ನೆ: ಅತ್ತೆಗೆ 68, ಡಿಪ್ರೆಶನ್ನಿಗೆ ಮಾತ್ರೆ ಶುರು ಮಾಡಿ 12 ದಿನ ಆಯ್ತು, ಏನೂ ಬದಲಾವಣೆ ಇಲ್ಲ. ಇವು ಅಭ್ಯಾಸ ಆಗ್ಬಿಡುತ್ತೆ, ಬಿಡಿಸಿ ಅಂತ ಎಲ್ರೂ ಹೇಳ್ತಿದಾರೆ, ಬಿಡಿಸಬಹುದಾ?

ಉತ್ತರ: ಬಿಡಿಸಬೇಡಿ, 12 ದಿನ ತುಂಬಾ ಬೇಗ. ನಾಲ್ಕರಿಂದ ಆರು ವಾರ ಬೇಕು, ವಯಸ್ಸಾದವರಲ್ಲಿ ಪೂರ್ತಿ ಗುಣ ಕಾಣೋಕೆ ಎಂಟು ಹತ್ತು ವಾರಾನೂ ಹಿಡಿಯಬಹುದು. ಈ ವಯಸ್ಸಲ್ಲಿ ಕಮ್ಮಿ ಡೋಸಿಂದ ಶುರು ಮಾಡಿ ನಿಧಾನವಾಗಿ ಏರಿಸ್ತೀವಿ, ಆದ್ರೆ ಏರಿಸಲೇಬೇಕು, ಆ ಮೊದಲ ಚಿಕ್ಕ ಡೋಸಲ್ಲೇ ತಿಂಗಳುಗಟ್ಟಲೆ ಇದ್ದು ಮಾತ್ರೆ ಕೆಲಸ ಮಾಡ್ಲಿಲ್ಲ ಅನ್ನೋರು ಬಹಳ ಜನ, ಅದಕ್ಕೇ ಹೇಳಿದ ತಾರೀಕಿಗೆ ಫಾಲೋ-ಅಪ್‌ಗೆ ಹೋಗಿ. ಸರ್ಟ್ರಾಲಿನ್, ಎಸ್ಸಿಟಲೊಪ್ರಾಂ ಥರದ ಮಾತ್ರೆಗಳಿಗೆ ಚಟ ಹತ್ತಲ್ಲ, ಥಟ್ಟನೆ ನಿಲ್ಲಿಸಿದ್ರೆ ತಲೆಸುತ್ತು, ಕಿರಿಕಿರಿ ಆಗುತ್ತೆ ಅಂತ ನಿಧಾನವಾಗಿ ಇಳಿಸಬೇಕು ಅಷ್ಟೇ. ಅಭ್ಯಾಸ ಆಗೋದು ನಿದ್ದೆಗೆ ಅಂತ ಕೊಡೋ ಆಲ್ಪ್ರಜೋಲಾಂ, ಲೊರಾಜೆಪಾಂ ಥರದವು, ವಯಸ್ಸಾದವರು ಅವನ್ನ ತಗೊಂಡು ರಾತ್ರಿ ಬಾತ್‌ರೂಮಿಗೆ ಹೋಗೋವಾಗ ಬಿದ್ದು ಸೊಂಟ ಮುರ್ಕೊಳ್ತಾರೆ, ಜೊತೆಗೆ ಅಂಥದ್ದೇನಾದ್ರೂ ಇದ್ರೆ ಎಷ್ಟು ದಿನ ಅಂತ ಕೇಳಿ, ಅದನ್ನೂ ನೀವೇ ಥಟ್ಟನೆ ನಿಲ್ಲಿಸೋ ಹಾಗಿಲ್ಲ. ಒಂದು ವಿಷಯ ಗಮನ ಇಡಿ, ಡಿಪ್ರೆಶನ್ನಿನ ಮಾತ್ರೆಗಳು ಕೆಲವರಲ್ಲಿ ಮೊದಲ ಕೆಲವು ವಾರದಲ್ಲಿ ಸೋಡಿಯಂ ಇಳಿಸುತ್ತೆ, ಬಿಪಿಗೆ ಅಂತ ಮೂತ್ರ ಹೆಚ್ಚಿಸೋ ಮಾತ್ರೆ ತಗೊಳ್ತಿದ್ರೆ ಇನ್ನೂ ಜಾಸ್ತಿ. ಅತ್ತೆ ಮಂಕಾದ್ರು, ತೂರಾಡ್ತಿದಾರೆ, ವಾಂತಿ ಬರೋ ಹಾಗಿದೆ ಅಂದ್ರೆ ಡಿಪ್ರೆಶನ್ ಜಾಸ್ತಿ ಆಯ್ತು ಅಂತ ತಿಳ್ಕೊಂಡು ಕೂರಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ದಿನಾ ಆಸ್ಪಿರಿನ್ನೋ ಮಂಡಿ ನೋವಿನ ಮಾತ್ರೆನೋ ತಗೊಳ್ತಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ, ಹೊಟ್ಟೇಲಿ ರಕ್ತಸ್ರಾವ ಆಗೋ ಸಾಧ್ಯತೆ ಇರುತ್ತೆ.