ಕಾಂಡ್ಲಾ ಕಾಯುವವರಿಗೆ ಕೂಲಿ ಯಾರು ಕೊಡಬೇಕು?

ಕಾಂಡ್ಲಾ ಅಂದರೆ ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಅದರ ಬಗ್ಗೆ ಕುಮಟಾ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಕಾಂಡ್ಲಾ ಬೆಳೆಸಿ, ದಡ ಉಳಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿರಿ. ಬೆಳೆಸೋಣ. ಆದರೆ ದಿನದ ಕೆಲಸ ಬಿಟ್ಟು ಕೆಸರಿಗೆ ಇಳಿಯುವವರ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ನಮ್ಮೂರಿಗೆ ಒಬ್ಬರು ಬಂದು, ಕಾರ್ಬನ್ ಕ್ರೆಡಿಟ್‌ನಿಂದ ದುಡ್ಡು ಬರುತ್ತದೆ, ಸಹಿ ಹಾಕಿ ಅನ್ನುತ್ತಿದ್ದಾರೆ. ಹಾಕಬಹುದಾ?”

ನೀವು ಕೇಳಿದ್ದು ಸರಿ. ಆ ಲೇಖನದಲ್ಲಿ ಗಿಡದ ಮಾತು ಜಾಸ್ತಿಯಾಯಿತು, ಕೂಲಿಯ ಮಾತು ಬರಲೇ ಇಲ್ಲ. ಅದು ನಮ್ಮ ತಪ್ಪು.

ಸಸಿ ನೆಡುವುದಕ್ಕೆ ಎಲ್ಲಿಂದಾದರೂ ದುಡ್ಡು ಬರುತ್ತದೆ. ನೆಟ್ಟ ಮೇಲಿನ ನಾಲ್ಕೈದು ವರ್ಷಕ್ಕೆ ಬರುವುದಿಲ್ಲ. ಗಿಡ ಸಾಯುವುದು ಆಗಲೇ.

ಎರಡು ವರ್ಷದ ಹಿಂದೆ ಒಂದು ಅಳಿವೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಕಾಂಡ್ಲಾ ಕೋಡು ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ನೇತಾಡುತ್ತದಲ್ಲ, ಅವನ್ನು ಅಲ್ಲಿ ಸಾಲಾಗಿ ನೆಟ್ಟಿದ್ದರು. ಒಂದನ್ನು ಮುಟ್ಟಿದೆ. ಬುಡದಿಂದ ಮೇಲಿನವರೆಗೆ ಬಿಳಿ ಚಿಪ್ಪು ಅಂಟಿಕೊಂಡು ಬೆರಳಿಗೆ ಗರಗಸದ ಹಾಗೆ ತಾಗಿತು. ಪಕ್ಕದ್ದಕ್ಕೆ ಹರಿದ ಬಲೆಯ ತುಂಡು ಸುತ್ತಿತ್ತು. ಪ್ರತಿ ಉಬ್ಬರಕ್ಕೂ ಬಲೆ ಜಗ್ಗಿ ಜಗ್ಗಿ ಬುಡ ಸಡಿಲವಾಗಿತ್ತು. ವಾರಕ್ಕೊಮ್ಮೆ ಇಬ್ಬರು ಇಳಿದು ಬಲೆ ಬಿಡಿಸಿ, ಚಿಪ್ಪು ಕೆರೆದಿದ್ದರೆ ಸಾಕಿತ್ತು. ಆದರೆ ಯೋಜನೆಯ ಅವಧಿ ಮುಗಿದಿತ್ತು. ಆ ಇಬ್ಬರಿಗೆ ಕೊಡಲು ಯಾರ ಹತ್ತಿರವೂ ಕಾಸು ಇರಲಿಲ್ಲ.

ಶ್ರೀಲಂಕಾದಲ್ಲಿ 2004ರ ಸುನಾಮಿಯ ನಂತರ ದುಡ್ಡು ಧಾರಾಳವಾಗಿ ಬಂತು. ಸಾವಿರ ಹೆಕ್ಟೇರಿಗೂ ಹೆಚ್ಚು ನೆಟ್ಟರು. ಆಮೇಲೆ ಸಂಶೋಧಕರು ಹೋಗಿ ನೋಡಿದರೆ ಉಳಿದದ್ದು ಸುಮಾರು 200 ಹೆಕ್ಟೇರ್. 23 ಜಾಗಗಳಲ್ಲಿ 9 ಕಡೆ ಒಂದು ಗಿಡವೂ ಇರಲಿಲ್ಲ. ಎಷ್ಟೋ ಕಡೆ ಜಾಗವೇ ತಪ್ಪು. ಜಾಗ ಸರಿಯಿದ್ದರೂ ನೆಟ್ಟವರು ತಿರುಗಿ ನೋಡದಿದ್ದಲ್ಲಿ ಗಿಡ ಉಳಿಯಲಿಲ್ಲ.

ಈಗ ಕಾರ್ಬನ್ ವಿಷಯಕ್ಕೆ ಬರುತ್ತೇನೆ. ಕಾಡು ಹೀರಿಟ್ಟುಕೊಂಡ ಇಂಗಾಲವನ್ನು ಅಳೆದು, ಟನ್ನಿನ ಲೆಕ್ಕದಲ್ಲಿ ಹೊರಗಿನವರಿಗೆ ಮಾರುವುದೇ ಕಾರ್ಬನ್ ಕ್ರೆಡಿಟ್. ಇದು ಸುಳ್ಳಲ್ಲ. ಕೆನ್ಯಾದ ಮೊಂಬಾಸಾದಿಂದ ದಕ್ಷಿಣಕ್ಕೆ ಗಾಜಿ ಅನ್ನುವ ಕೊಲ್ಲಿ ಇದೆ. ಅಲ್ಲಿ ಗಾಜಿ, ಮಾಕೊಂಗೆನಿ ಅನ್ನುವ ಎರಡು ಊರಿನವರು 117 ಹೆಕ್ಟೇರ್ ಕಾಂಡ್ಲಾ ಕಾಡು ನೋಡಿಕೊಳ್ಳುತ್ತಾರೆ. ಯೋಜನೆಯ ಹೆಸರು ‘ಮಿಕೊಕೊ ಪಮೋಜಾ’. ಸ್ವಾಹಿಲಿಯಲ್ಲಿ ‘ಕಾಂಡ್ಲಾ, ಒಟ್ಟಾಗಿ’ ಅಂತ ಅರ್ಥ. ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ನ ಲೆಕ್ಕದಲ್ಲಿ ಕ್ರೆಡಿಟ್ ಮಾರುತ್ತಾರೆ. ಶುರುವಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 12 ಸಾವಿರ ಡಾಲರ್ ಬಂತು, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಯ ಆಸುಪಾಸು. ಎರಡು ಊರಿಗೆ ಇದು ದೊಡ್ಡ ಮೊತ್ತ ಅಲ್ಲ. ಆದರೆ ಕಾಡು ಕಾಯುವ ಖರ್ಚು ಹೋಗಿ ಉಳಿದದ್ದನ್ನು ಎಲ್ಲಿ ಹಾಕಬೇಕು ಅಂತ ಊರಿನವರೇ ತೀರ್ಮಾನ ಮಾಡುತ್ತಾರೆ. ಕುಡಿಯುವ ನೀರು ಬಂತು, ಶಾಲೆಗೆ ಪುಸ್ತಕ ಬಂತು. ಸೌದೆಗೆ ಕಾಂಡ್ಲಾ ಕಡಿಯಬಾರದು ಅಂತ ಬರೀ ಬಾಯಲ್ಲಿ ಹೇಳಲಿಲ್ಲ, ಬದಲಿಗೆ ಗಾಳಿಮರ ಬೆಳೆಸಿದರು. ನನಗೆ ಬಹಳ ಹಿಡಿಸಿದ್ದು ಇದು.

ನಿಮ್ಮೂರಿಗೆ ಬಂದವರು ಹೇಳದ ಮಾತೂ ಇಲ್ಲಿದೆ. ಗಾಜಿಯಲ್ಲಿ ಕ್ರೆಡಿಟ್ ಮಾರಾಟ ಶುರುವಾದದ್ದು 2013ರ ಹೊತ್ತಿಗೆ. ಅಲ್ಲಿನ ಸರ್ಕಾರಿ ಸಾಗರ ಸಂಶೋಧನಾ ಸಂಸ್ಥೆಯವರು 1990ರ ದಶಕದಿಂದಲೇ ಕೆಸರಲ್ಲಿ ನಿಂತು ನೆಟ್ಟು ಕಲಿಯುತ್ತಿದ್ದರು. ಆ 117 ಹೆಕ್ಟೇರಿನಲ್ಲಿ ಬಹುಪಾಲು ಮೊದಲೇ ನಿಂತಿದ್ದ ಕಾಡು. ಕಾರ್ಬನ್ ದುಡ್ಡು ಗಿಡ ಉಳಿದ ಮೇಲೆ, ಅಳೆದ ಮೇಲೆ ಬರುತ್ತದೆ. ಮೊದಲ ಐದು ವರ್ಷದ ಒಲೆ ಅದರಿಂದ ಉರಿಯುವುದಿಲ್ಲ. ಅದಕ್ಕೆ ಬೇರೆ ಹಣ ಬೇಕೇ ಬೇಕು. ಕೇಂದ್ರ ಸರ್ಕಾರ 2023ರಲ್ಲಿ ಹೇಳಿದ ‘ಮಿಷ್ಟಿ’ ಯೋಜನೆ ಇಂಥದ್ದಕ್ಕೇ: ಆಗಿನ ನರೇಗಾ ಕೂಲಿಯ ಹಣ ಮತ್ತು ಕ್ಯಾಂಪಾ ಹಣ (ಕಾಡಿನ ಜಾಗ ಬೇರೆ ಕೆಲಸಕ್ಕೆ ಪಡೆದವರು ಪರಿಹಾರವಾಗಿ ಕಟ್ಟುವ ದುಡ್ಡು) ಜೋಡಿಸಿ ಕಾಂಡ್ಲಾ ಬೆಳೆಸುವುದು ಅಂತ ಹೇಳಿದ್ದರು. ನಿಮ್ಮ ಪಂಚಾಯಿತಿಯಲ್ಲಿ, ಅರಣ್ಯ ಇಲಾಖೆಯಲ್ಲಿ ಕೇಳುವಾಗ ಸಸಿ ಎಷ್ಟು ಅಂತ ಕೇಳಬೇಡಿ. ಮೂರನೇ ವರ್ಷದ ಕೂಲಿ ಯಾವ ಲೆಕ್ಕದಲ್ಲಿದೆ ಅಂತ ಕೇಳಿ.

ಸಹಿ ಈಗಲೇ ಹಾಕಬೇಡಿ. ಆ ಕಾಂಡ್ಲಾ ನಿಂತ ಜಾಗ ಯಾರದ್ದು? ಗಾಜಿಯಲ್ಲೂ ಕಾಡು ಸರ್ಕಾರದ್ದೇ. ಊರಿನ ಅರಣ್ಯ ಸಂಘ ಅರಣ್ಯ ಇಲಾಖೆಯ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡಿತು. ನಿಮ್ಮ ಕೈಯಲ್ಲಿ ಅಂಥ ಕಾಗದ ಇಲ್ಲದೆ ನೀವು ಮಾರುವುದು ಏನನ್ನು? ದುಡ್ಡು ಯಾರ ಖಾತೆಗೆ ಬರುತ್ತದೆ, ಬೆಲೆ ಬಿದ್ದರೆ ಗತಿ ಏನು, ಎಷ್ಟು ವರ್ಷ ಕಟ್ಟಿಹಾಕುತ್ತಾರೆ, ಆ ವರ್ಷಗಳಲ್ಲಿ ಹೊಳೆಗೆ ಇಳಿದು ಚಿಪ್ಪಿ ಆರಿಸಲು ಬಿಡುತ್ತಾರಾ? ಕೊನೆಯ ಪ್ರಶ್ನೆಗಂತೂ ಕನ್ನಡ ಭಾಷೆಯಲ್ಲೇ, ಬರಹದಲ್ಲೇ ಉತ್ತರ ಬರಲಿ.

ನಿಮಗೆ ಇದೆಲ್ಲ ಹೊಸದೇನಲ್ಲ, ಅಲ್ವಾ? ಅಘನಾಶಿನಿ ಹೊಳೆ ದಡದ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ಒಟ್ಟಾಗಿ ಕಟ್ಟೆ ಕಾದವರೇ. ಉಪ್ಪುನೀರು ಯಾವಾಗ ಒಳಗೆ ಬಿಡಬೇಕು, ಯಾವಾಗ ತಡೆಯಬೇಕು ಅಂತ ಹೊರಗಿನವರು ಹೇಳಿಕೊಡಲಿಲ್ಲ.

ಊರಿನ ಸಭೆ ಕರೆಯಿರಿ, ಆ ಕಾಗದವನ್ನು ಜೋರಾಗಿ ಓದಿಸಿ. ಒಂದು ಪ್ರತಿ ನಮಗೂ ಕಳಿಸಿ. ತಿಳಿದ ವಕೀಲರ ಹತ್ತಿರ ತೋರಿಸಿ ನಿಮಗೆ ಬರೆಯುತ್ತೇನೆ. ಸಭೆಯನ್ನು ಮಾತ್ರ ಇಳಿತದ ಹೊತ್ತಿಗೆ ಇಡಬೇಡಿ. ಚಿಪ್ಪಿ ಆರಿಸುವ ಹೆಂಗಸರು ಆಗ ಹೊಳೆಯಲ್ಲಿರುತ್ತಾರೆ.

— ಸಂಪಾದಕ