ಕಡಿಮೆ ಜಿಪಿಎ, ಕಡಿಮೆ ಎಂಕ್ಯಾಟ್, ಮೆಡಿಕಲ್ ಸ್ಕೂಲಿಗೆ ಎರಡನೇ ಸಲ

ತಮ್ಮಾ, ನೀನು ಬರೆದಿದ್ದನ್ನ ನಿನ್ನೆ ರಾತ್ರಿ ಡ್ಯೂಟಿ ಮುಗಿಸ್ಕೊಂಡು ಬಂದು ಓದ್ದೆ. ಸೆಕೆಂಡ್ ಪಿಯುಸಿ ಆದ್ಮೇಲೆ ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡಲ್ಲಿ ಅಮೆರಿಕಕ್ಕೆ ಬಂದು ಇಲ್ಲೇ ಬಯಾಲಜಿ ಡಿಗ್ರಿ ಮುಗಿಸಿದೀಯ, ಜಿಪಿಎ (ಡಿಗ್ರಿ ಗ್ರೇಡುಗಳ ಸರಾಸರಿ, 4ಕ್ಕೆ) 3.2, ಎಂಕ್ಯಾಟ್ (ಮೆಡಿಕಲ್ ಎಂಟ್ರೆನ್ಸ್ ಪರೀಕ್ಷೆ) 501, ಹೋದ ಸಲ ಅರ್ಜಿ ಹಾಕಿದ ಕಡೆಯಿಂದೆಲ್ಲ ರಿಜೆಕ್ಟು. ಈಗ ಎಂಕ್ಯಾಟ್ ಒಂದನ್ನ ಮತ್ತೆ ಬರೆದು ಈ ಜೂನ್‌ಗೇ ಹಾಕ್ಲಾ, ಮಾಸ್ಟರ್ಸ್ ಮಾಡ್ಲಾ, ಕೆರಿಬಿಯನ್ ದ್ವೀಪಗಳ ಮೆಡಿಕಲ್ ಸ್ಕೂಲಿಗೆ ಹೋಗ್ಲಾ, ಊರಲ್ಲಿ ಕೇಳೋರಿಗೆ ಏನು ಹೇಳ್ಲಿ ಅಂತ ಕೇಳಿದೀಯ.

ನಾನೂ ಹಂಗೇ ಬಂದವಳು. ಸಿಇಟಿ ರ‍್ಯಾಂಕ್ ಕಾರ್ಡ್‌ನ ಲ್ಯಾಮಿನೇಟ್ ಮಾಡಿಸ್ಕೊಂಡು ಓಹಾಯೋವರೆಗೂ ತಂದಿದ್ದೆ, ಕಾಲೇಜ್ ಅಡ್ವೈಸರ್ ಮುಂದೆ ಇಟ್ರೆ ಆತ ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕು, ವಾಪಸ್ ಕೊಟ್ಟ. ಫಸ್ಟ್ ಸೆಮಿಸ್ಟರಲ್ಲಿ ನಿಂಗೇನಾಗಿರುತ್ತೆ ಅಂತ ಕೇಳ್ಬೇಕಾಗೇ ಇಲ್ಲ. ಕೊನೇ ಎಕ್ಸಾಮ್‌ಗೆ ಕೂತು ಓದಿದ್ರಾಯ್ತು ಅಂತ ಅಂದ್ಕೊಂಡಿರ್ತೀವಿ, ಇಲ್ಲಿ ವಾರವಾರದ ಕ್ವಿಜ್ಜು, ಹೋಮ್‌ವರ್ಕು, ಲ್ಯಾಬ್ ರಿಪೋರ್ಟು ಎಲ್ಲಾ ಗ್ರೇಡಿಗೆ ಸೇರುತ್ತೆ ಅಂತ ಗೊತ್ತಾಗೋಷ್ಟರಲ್ಲಿ ಕೆಮಿಸ್ಟ್ರಿಲಿ ಸಿ ಬಂದು ಕೂತಿರುತ್ತೆ.

ಆ ಸಿ ಹೋಗಲ್ಲ ಕಣೋ. ಕೋರ್ಸ್ ಮತ್ತೆ ತಗೊಂಡು ಎ ತೆಗೆದ್ರೆ ನಿನ್ನ ಕಾಲೇಜು ಹಳೇದನ್ನ ಲೆಕ್ಕದಿಂದ ತೆಗೀಬಹುದು, ಆದ್ರೆ ಎಂಡಿ ಸ್ಕೂಲುಗಳಿಗೆ (ಇಲ್ಲಿ ಎಂಡಿ ಅಂದ್ರೆ ನಮ್ಮ ಎಂಬಿಬಿಎಸ್ ಥರದ ಮೊದಲ ಡಾಕ್ಟರ್ ಡಿಗ್ರಿ) ಅರ್ಜಿ ತಗೊಳ್ಳೋ ಆಮ್‌ಕ್ಯಾಸ್ ಎರಡನ್ನೂ ಸೇರಿಸ್ಕೊಂಡೇ ಲೆಕ್ಕ ಹಾಕುತ್ತೆ. ಡಿಒ, ಅಂದ್ರೆ ಆಸ್ಟಿಯೋಪಥಿಕ್ ಮೆಡಿಸಿನ್, ಇಲ್ಲಿ ಡಾಕ್ಟರಾಗೋ ಇನ್ನೊಂದು ಡಿಗ್ರಿ, ಆ ಸ್ಕೂಲುಗಳಲ್ಲಿ ಮುಂಚೆ ಹೊಸ ಗ್ರೇಡ್ ಮಾತ್ರ ಹಿಡೀತಿದ್ರು, 2017ರಲ್ಲಿ ಅದೂ ನಿಂತೋಯ್ತು. ನೀನೇ ಲೆಕ್ಕ ಹಾಕ್ ನೋಡು, 120 ಕ್ರೆಡಿಟ್‌ನಲ್ಲಿ 3.2 ಇರೋನು ಇನ್ನೂ 30 ಕ್ರೆಡಿಟ್ ಪೂರ್ತಿ ಎ ತೆಗೆದ್ರೂ 3.36ಕ್ಕೆ ನಿಲ್ತಾನೆ. ಹಂಗಂತ ದಂಡ ಅಲ್ಲ, ಯಾಕಂದ್ರೆ ಆಮ್‌ಕ್ಯಾಸಲ್ಲಿ ಜಿಪಿಎನ ವರ್ಷವರ್ಷಕ್ಕೆ ಬೇರೆ ಸಾಲಲ್ಲಿ ತೋರಿಸ್ತಾರೆ, ಡಿಗ್ರಿ ಆದ್ಮೇಲೆ ಓದಿದ್ದಕ್ಕೆ ಅದರದ್ದೇ ಸಾಲು. ಮೊದಲ್ನೇ ವರ್ಷ 2.7 ಇದ್ದು ಕೊನೇಲಿ 3.9 ಕಂಡ್ರೆ ಓದೋರಿಗೆ ಅರ್ಥ ಆಗುತ್ತೆ. ಮಾಸ್ಟರ್ಸ್ ಗ್ರೇಡು ಡಿಗ್ರಿ ಜಿಪಿಎಗೆ ಸೇರಲ್ಲ, ಬೇರೆ ನಿಲ್ಲುತ್ತೆ, ಅದಕ್ಕೇ ನಿಂಗೆ ಮೊದ್ಲು ಪೋಸ್ಟ್‌ಬ್ಯಾಕ್, ಅಂದ್ರೆ ಡಿಗ್ರಿ ಆದ್ಮೇಲೆ ಅದೇ ಮಟ್ಟದಲ್ಲಿ ತಗೊಳ್ಳೋ ಕ್ಲಾಸುಗಳೇ ಸರಿ ಅನ್ಸುತ್ತೆ. ದುಡ್ಡೂ ಕಮ್ಮಿ.

ಎಂಕ್ಯಾಟ್ ಬಗ್ಗೆ ಜಾಸ್ತಿ ಹೇಳಲ್ಲ. 472ರಿಂದ 528ರವರೆಗೆ ಅಳತೆ, ಎಂಡಿಗೆ ಸೇರೋರ ಸರಾಸರಿ 511ರ ಮೇಲಿದೆ, ಜಿಪಿಎ 3.8ರ ಹತ್ರ. ವರ್ಷಕ್ಕೆ 3 ಸಲ, ಎರಡು ವರ್ಷಕ್ಕೆ 4, ಜೀವಮಾನಕ್ಕೆ 7 ಸಲ ಅಷ್ಟೇ ಬರೆಯೋಕೆ ಬಿಡೋದು, ಮತ್ತೆ ಹಳೇ ಸ್ಕೋರನ್ನ ಮುಚ್ಚಿಡಕ್ಕಾಗಲ್ಲ, ಸುಮ್ನೆ ಒಂದ್ ಕೈ ನೋಡೋಣ ಅಂತ ಹೋಗ್ಬೇಡ. ಕನ್ನಡ ಮೀಡಿಯಂ ಆಗಿದ್ರೆ ಕಾರ್ಸ್ ಅನ್ನೋ, ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋ ಸೆಕ್ಷನ್‌ನಲ್ಲೇ ಹೊಡೆತ ಬಿದ್ದಿರುತ್ತೆ, 90 ನಿಮಿಷದಲ್ಲಿ 53 ಪ್ರಶ್ನೆ. ಅದಕ್ಕೆ ಗೈಡ್ ಓದಿ ಏನೂ ಆಗಲ್ಲ, ದಿನಾ ಉದ್ದುದ್ದ ಇಂಗ್ಲಿಷ್ ಲೇಖನ ಓದ್ಬೇಕು, ನಿಧಾನಕ್ಕೆ ಬರೋ ವಿದ್ಯೆ ಅದು.

ಈಗ ನಿಜವಾದ ವಿಷ್ಯ. ಸೀಟು ಯಾಕೆ ಸಿಗ್ಲಿಲ್ಲ ಅಂತ ನೀನು ಯಾರನ್ನಾದ್ರೂ ಕೇಳಿದ್ಯಾ? ಕೇಳಿರಲ್ಲ. ನಮ್ಮಲ್ಲಿ ರ‍್ಯಾಂಕ್ ಬಂತು ಅಂದ್ರೆ ಬಂತು, ಇಲ್ಲ ಅಂದ್ರೆ ಇಲ್ಲ, ಅದ್ರಲ್ಲಿ ಕೇಳೋದೇನಿದೆ. ಇಲ್ಲಿ ಎಷ್ಟೋ ಸ್ಕೂಲು ಅಡ್ಮಿಶನ್ ಮುಗಿದ ಮೇಲೆ ಕೇಳಿದ್ರೆ ಹೇಳ್ತವೆ, ಎಲ್ಲಾ ಅಲ್ಲ. ನಾನು ಎದೆ ಡವಡವ ಅಂತಿದ್ರೂ ಒಂದ್ಕಡೆ ಫೋನ್ ಮಾಡ್ದೆ. ಫೋನ್ ಎತ್ತಿದ ಹೆಂಗಸು ನನ್ನ ಫೈಲ್ ತೆಗೆದು, ಮಾರ್ಕ್ಸ್ ಕಮ್ಮಿ ಇದೆ ನಿಜ, ಆದ್ರೆ ಅದನ್ನ ಬಿಟ್ರೂ ನೀನು ಒಬ್ಬ ಪೇಷಂಟ್ ಪಕ್ಕ ನಿಂತಿದ್ದು ಇದ್ರಲ್ಲಿ ಎಲ್ಲೂ ಕಾಣಲ್ಲ, ಯಾಕೆ ಡಾಕ್ಟರಾಗ್ಬೇಕು ಅಂತ ಬರೆದ ಪರ್ಸನಲ್ ಸ್ಟೇಟ್‌ಮೆಂಟ್ ತುಂಬಾ ನಿಮ್ಮಪ್ಪನ ಆಸೆನೇ ಇದೆ ಅಂದ್ಳು. ಉರ‍್ಕೊಂಡೆ ಅವತ್ತು. ಆಮೇಲೆ ಕೂತು ಓದಿದ್ರೆ ಹೌದು, ಹಂಗೇ ಇತ್ತು.

ಆಮೇಲೆ ನರ್ಸಿಂಗ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಮಾಡ್ಕೊಂಡು ವಯಸ್ಸಾದೋರ ಕೇಂದ್ರ ಒಂದ್ರಲ್ಲಿ ನೈಟ್ ಶಿಫ್ಟಿಗೆ ಸೇರ‍್ಕೊಂಡೆ. ಡೈಪರ್ ಬದಲಾಯಿಸೋದು, ಸ್ನಾನ ಮಾಡಿಸೋದು, ಹುಣ್ಣಾಗ್ದೇ ಇರ‍್ಲಿ ಅಂತ ಎರಡೆರಡು ಗಂಟೆಗೆ ಮಗ್ಗುಲು ಹೊರಳಿಸೋದು. ಅಲ್ಲಿ ಸ್ಟ್ರೋಕ್ ಆಗಿದ್ದ ಒಬ್ಬ ಮುದುಕ ಬೆಳಗ್ಗೆ ತಿಂಡಿಗೆ ದಿನಾ ಕೂಗಾಡೋನು, ನಂಗೆ ಅರ್ಧ ಹೊಟ್ಟೆಗೆ ಹಾಕ್ತಾರೆ ಅಂತ. ತಟ್ಟೆ ನೋಡಿದ್ರೆ ಬಲಗಡೆ ನುಣ್ಣಗೆ ಖಾಲಿ, ಎಡಗಡೆ ಮುಟ್ಟೇ ಇಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ್ರೆ ಎಡಗಡೆ ಒಂದು ಪ್ರಪಂಚ ಇದೆ ಅನ್ನೋದೇ ಅವರ ಗಮನಕ್ಕೆ ಬರಲ್ಲ ಅಂತ ಅಲ್ಲಿದ್ದ ಹಳೇ ನರ್ಸ್ ಹೇಳಿದ್ರು. ತಟ್ಟೆ ತಿರುಗಿಸಿ ಇಟ್ಟೆ, ಸುಮ್ನೆ ಉಳಿದಿದ್ದನ್ನೂ ತಿಂದ. ಎರಡನೇ ಸಲ ಸ್ಟೇಟ್‌ಮೆಂಟಲ್ಲಿ ಅದನ್ನ ಬರೆದೆ, ಇಂಟರ್‌ವ್ಯೂ ಕರೆದ ಕಡೆ ಮಾರ್ಕ್ಸ್ ಬಿಟ್ಟು ಆ ತಟ್ಟೆ ಬಗ್ಗೆನೇ ಕೇಳಿದ್ರು.

ಊರಿಗೆ ಏನು ಹೇಳೋದು ಅಂದ್ಯಲ್ಲ. ಮಗಳು ಆಯಾ ಕೆಲಸ ಮಾಡ್ತಾಳೆ ಅಂತ ಹೇಳಕ್ಕೆ ಅಮ್ಮಂಗೆ ಬಾಯಿ ಬರ‍್ಲಿಲ್ಲ, ರಿಸರ್ಚಲ್ಲಿದ್ದಾಳೆ ಅಂದ್ಬಿಟ್ರು, ನಾನೂ ಹೂಂ ಅಂದ್ಕೊಂಡಿದ್ದೆ. ಅದೇ ವರ್ಷ ಅಜ್ಜಿ ಹಾಸಿಗೆ ಹಿಡಿದ್ರು. ಚಿಕ್ಕಮ್ಮ ಫೋನಲ್ಲಿ ಬೆನ್ನೆಲ್ಲ ಹುಣ್ಣಾಗಿದೆ ಕಣೇ, ಏನ್ ಮಾಡೋದೋ ಗೊತ್ತಾಗ್ತಿಲ್ಲ ಅಂತ ಅಳ್ತಿದ್ರು. ರಾತ್ರಿ ಎಲ್ಲಾ ಕೈಯಾರೆ ಮಾಡಿ ಬಂದಿದ್ದ ಕೆಲಸ ಅದು. ವಿಡಿಯೋ ಹಾಕಿ, ದಿಂಬು ಎಲ್ಲಿಡ್ಬೇಕು, ಹೆಂಗೆ ಹೊರಳಿಸ್ಬೇಕು ಅಂತ ತೋರಿಸ್ಬಹುದಿತ್ತು. ನಿಂಗೆ ಇದೆಲ್ಲ ಹೆಂಗೆ ಗೊತ್ತು ಅಂತ ಕೇಳಿದ್ರೆ ಅಮ್ಮನ ಮಾತು ಸುಳ್ಳಾಗುತ್ತಲ್ಲ, ಅಲ್ಲಿ ಡಾಕ್ಟ್ರನ್ನ ಕೇಳಿ ಅಂತ ಫೋನ್ ಇಟ್ಟೆ. ಅಜ್ಜಿ ಹೋದ್ರು. ಈಗ ರೆಸಿಡೆನ್ಸಿ (ಡಿಗ್ರಿ ಆದ್ಮೇಲೆ ಆಸ್ಪತ್ರೇಲಿ ಮಾಡೋ ತರಬೇತಿ) ಎಲ್ಲಾ ಮುಗಿಸಿ ಫ್ಯಾಮಿಲಿ ಮೆಡಿಸಿನ್ ಡಾಕ್ಟ್ರಾಗಿದ್ರೂ ಬೆಡ್ ಸೋರ್ ಪೇಷಂಟ್ ಬಂದ್ರೆ ಆ ಫೋನೇ ನೆನಪಾಗೋದು. ನೀನು ಮೆಡಿಕಲ್ ಅಸಿಸ್ಟೆಂಟೋ, ಡಾಕ್ಟ್ರ ಜೊತೆ ನಿಂತು ನೋಟ್ಸ್ ಬರೆಯೋ ಸ್ಕ್ರೈಬೋ ಏನೇ ಆಗು, ಇದ್ದಿದ್ದನ್ನ ಇದ್ದಂಗೆ ಹೇಳು.

ಕೆರಿಬಿಯನ್ ಈಗ್ಲೇ ಬೇಡ. ಯುಎಸ್ ಎಂಡಿ, ಡಿಒ ಮುಗಿಸೋರಲ್ಲಿ 90 ಪರ್ಸೆಂಟ್‌ಗಿಂತ ಹೆಚ್ಚು ಜನಕ್ಕೆ ರೆಸಿಡೆನ್ಸಿ ಮ್ಯಾಚ್ ಆಗುತ್ತೆ, ಅಂದ್ರೆ ಸೀಟ್ ಸಿಗುತ್ತೆ, ಹೊರಗೆ ಓದಿ ಬರೋ ಅಮೆರಿಕನ್ ಸಿಟಿಜನ್‌ಗಳಲ್ಲಿ ಮೂರರಲ್ಲಿ ಇಬ್ಬರಿಗೆ. 2022ರಿಂದ ಸ್ಟೆಪ್ 1 ಅನ್ನೋ ಡಾಕ್ಟರ್ ಲೈಸೆನ್ಸ್ ಪರೀಕ್ಷೆಗೆ ಸ್ಕೋರೇ ಇಲ್ಲ, ಬರೀ ಪಾಸ್ ಫೇಲು, ಅಲ್ಲಿ ಮಿಂಚಿ ತೋರಿಸ್ತೀನಿ ಅನ್ನೋ ದಾರಿನೂ ಮುಚ್ಚಿದೆ. ಡಿಒಗೆ ಖಂಡಿತ ಹಾಕು, ನಾನೂ ಡಿಒನೇ. ಊರಲ್ಲಿ ಈಗ್ಲೂ, ಎಂಬಿಬಿಎಸ್ ಅಲ್ವಂತೆ, ಇನ್ನೇನೋ ಅಂತೆ ಅಂತಾರೆ, ಅನ್ಲಿ ಬಿಡು, ಬರೆಯೋ ಔಷಧಿ ಒಂದೇ, 2020ರಿಂದ ಮ್ಯಾಚೂ ಒಂದೇ.

ಈ ಜೂನ್‌ಗೆ ಹಾಕ್ಬೇಡ. ಹೋದ ವರ್ಷದ ಫೈಲಿಗೆ ಹೊಸ ಎಂಕ್ಯಾಟ್ ಸ್ಕೋರ್ ಒಂದನ್ನ ಅಂಟಿಸಿ ಕಳಿಸಿದ್ರೆ ಅದೇ ಉತ್ತರ ಬರುತ್ತೆ. ವರ್ಷಕ್ಕೆ 50 ಸಾವಿರದ ಮೇಲೆ ಜನ ಎಂಡಿಗೆ ಹಾಕ್ತಾರೆ, ಸೇರೋದು 23 ಸಾವಿರದಷ್ಟು, ಅರ್ಧಕ್ಕಿಂತ ಜಾಸ್ತಿ ಜನ ನಿನ್ನ ಥರಾನೇ ಮನೇಲಿ ಕೂತಿದ್ದಾರೆ. ಮುಂದಿನ ಏಪ್ರಿಲ್ ಒಳಗೆ ಎಂಕ್ಯಾಟ್ ಮುಗಿಸಿ ಜೂನ್ ಮೊದಲ್ನೇ ವಾರಾನೇ ಸಬ್ಮಿಟ್ ಮಾಡು, ಬಂದಂಗೆ ಬಂದಂಗೆ ಫೈಲ್ ನೋಡ್ತಾ ಹೋಗ್ತಾರೆ, ತಡ ಆದ್ರೆ ಸೀಟ್ ಉಳಿದಿರಲ್ಲ. ಮೊದ್ಲು ಸೋಮವಾರ ಎರಡು ಮೂರು ಸ್ಕೂಲಿಗೆ ಫೋನ್ ಮಾಡಿ ಏನಂದ್ರು ಅಂತ ನಂಗೆ ಬರಿ. ಸ್ಟೇಟ್‌ಮೆಂಟ್ ನಾನು ಓದ್ತೀನಿ, ಆದ್ರೆ ಹೋದ ವರ್ಷದ್ದನ್ನ ಕಳಿಸ್ಬೇಡ.