‘ತ್ಯಾಗಮಯಿ, ಕರುಣಾಮಯಿ’ ಬಿಟ್ಟು ಅಮ್ಮನ ಬಗ್ಗೆ ಏನು ಹೇಳಲಿ?

ತೊಂಬತ್ತು ದಾಟಿದ ತಾಯಿ ತೀರಿಕೊಂಡಿದ್ದಾರೆ, ಹನ್ನೆರಡನೆಯ ದಿನ ಬಂದವರ ಮುಂದೆ ನಾಲ್ಕು ಮಾತಾಡಬೇಕು, ಬರೆಯಲು ಕೂತರೆ ‘ತ್ಯಾಗಮಯಿ’, ‘ಕರುಣಾಮಯಿ’ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಎಂದು ಕೇಳಿದ್ದೀರಿ. 2024ರಲ್ಲಿ ನನ್ನದೂ ಇದೇ ಪಾಡು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಕೂತು ಒಂದು ಪುಟ ಬರೆದೆ. ಮಗ ಓದಿ, “ಇದು ಯಾರ ಬಗ್ಗೆ?” ಅಂದ. ನಿಜ, ಯಾರ ತಾಯಿಯ ಹೆಸರು ಹಾಕಿದರೂ ನಡೆಯುವಂತಿತ್ತು. ಹರಿದು ಹಾಕಿದೆ.

ಆಮೇಲೆ ಒಂದೇ ಕೆಲಸ ಮಾಡಿದೆ. ಅವ್ವ ಹೇಗಿದ್ದಳು ಅಂತ ಬರೆಯುವುದು ಬಿಟ್ಟು, ಎಷ್ಟು ಗಂಟೆಗೆ ಏನು ಮಾಡುತ್ತಿದ್ದಳು ಅಂತ ಬರೆದೆ. ಮೊದಲ ಸಾಲು ಹೀಗಿತ್ತು: ಬೆಳಗಿನ ನಾಲ್ಕು ಗಂಟೆಗೆ ಅವ್ವ ನೀರು ತುಂಬಿಸುತ್ತಿದ್ದಳು.

ಅವ್ವ ಹುಟ್ಟಿದ್ದು 1932ರಲ್ಲಿ, ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲವೆಂದ ಕರನಿರಾಕರಣೆಯ ಕಾಲದಲ್ಲಿ, ಉತ್ತರ ಕನ್ನಡದ ಅಂಕೋಲೆ ಸೀಮೆಯ ಹಳ್ಳಿಯಲ್ಲಿ. ಮದುವೆಯಾಗಿ ಮುಂಬಯಿಗೆ ಬಂದದ್ದು 1952ರಲ್ಲಿ. ಆಗ ಕೊಂಕಣ ರೈಲಿನ ಕನಸೂ ಇರಲಿಲ್ಲ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಮೀಟರ್ ಗೇಜ್ ಗಾಡಿ, ಪುಣೆಯಲ್ಲಿ ಇಳಿದು ಗಂಟುಮೂಟೆ ಹೊತ್ತು ದೊಡ್ಡ ಹಳಿಯ ಗಾಡಿಗೆ ಬದಲಿ, ಮುಂಬಯಿಯ ಬೋರಿಬಂದರ್ ನಿಲ್ದಾಣದಲ್ಲಿ ಇಳಿಯುವುದು. ಅಪ್ಪನಿಗೆ ಬಟ್ಟೆಗಿರಣಿಯಲ್ಲಿ ಕೆಲಸ. ಲಾಲ್‌ಬಾಗಿನ ಚಾಳಿನಲ್ಲಿ (ವಠಾರದಲ್ಲಿ) ಒಂದು ಖೋಲಿ, ಮೂಲೆಯಲ್ಲಿ ಪಾತ್ರೆ ತೊಳೆಯುವ, ಸ್ನಾನ ಮಾಡುವ ಮೋರಿ, ಇಡೀ ಮಾಳಿಗೆಗೆ ಒಂದು ನಳ. ನೀರು ಬರುತ್ತಿದ್ದದ್ದು ನಾಲ್ಕರಿಂದ ಆರು. ಅವ್ವ ಮರಾಠಿ ಕಲಿತದ್ದು ಆ ನಳದ ಸಾಲಿನಲ್ಲೇ. ಹಾಗಾಗಿ ಅವಳ ಮರಾಠಿಯಲ್ಲಿ ಅರ್ಧಕ್ಕರ್ಧ ಜಗಳದ ಮಾತೇ ಇತ್ತು. ಕೊನೆಯವರೆಗೂ ಬ್ಯಾಂಕಿನ ಹುಡುಗನ ಹತ್ತಿರವೂ ಕೊಡ ಸರಿಸುವ ದನಿಯಲ್ಲೇ ಮಾತಾಡುತ್ತಿದ್ದಳು.

ಅರವತ್ತರ ದಶಕದ ಕೊನೆಗೆ ಮುಂಬಯಿಯಲ್ಲಿ ದಕ್ಷಿಣದವರು ಹೋಗಲಿ ಎಂಬ ಕೂಗು ಎದ್ದಿತಲ್ಲ, ಆಗ ನಳದ ಹತ್ತಿರ ಯಾರೋ ಅವಳಿಗೂ ಅದನ್ನೇ ಅಂದರಂತೆ. ಅವ್ವ ಕೊಡ ಕೆಳಗಿಟ್ಟು ಹೇಳಿದ್ದು: “ನಾನು ಬಂದಾಗ ನಮ್ಮ ಅಂಕೋಲೆಯೂ ಮುಂಬಯಿ ರಾಜ್ಯದ್ದೇ. ನಾನು ಎಲ್ಲಿಗೂ ಬಂದವಳಲ್ಲ, ರಾಜ್ಯವೇ ನನ್ನ ಬಿಟ್ಟು ಹೋದದ್ದು.” ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ನಾಲ್ಕನೇ ಇಯತ್ತೆ ಓದಿದವಳಿಗೆ ಇದು ನೆನಪಿತ್ತು, ಕೂಗಿದವರಿಗೆ ಇರಲಿಲ್ಲ.

1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ. ಎರಡು ತಿಂಗಳಲ್ಲಿ ಮುಗಿಯುತ್ತದೆ ಎಂದು ಅಪ್ಪ ಹೇಳುತ್ತಲೇ ಇದ್ದರು. ಅವರ ಗಿರಣಿಯ ಭೋಂಗಾ (ಸೈರನ್) ಮತ್ತೆ ಕೂಗಲಿಲ್ಲ. ಅವ್ವ ಮಾತ್ರ ಮೂರನೇ ತಿಂಗಳಿಗೇ ಲೆಕ್ಕ ಹಾಕಿದಳು. ಕೋಟೆಯ (ಮುಂಬಯಿಯ ಫೋರ್ಟ್ ಪ್ರದೇಶದ) ಕಡೆ ಬ್ಯಾಂಕು, ಆಫೀಸುಗಳಲ್ಲಿದ್ದ ನಮ್ಮ ಸೀಮೆಯ ಒಂಟಿ ಹುಡುಗರಿಗೆ ಊಟದ ಡಬ್ಬಿ ಕಳಿಸತೊಡಗಿದಳು. ಮೊದಲು ಮೂರು, ಆಮೇಲೆ ಹನ್ನೊಂದು. ನಾಲ್ಕಕ್ಕೆ ನೀರು, ಐದಕ್ಕೆ ಎರಡು ಸ್ಟೋವ್ ಹೊತ್ತಿಸುವುದು, ಒಂಬತ್ತಕ್ಕೆ ಡಬ್ಬಾವಾಲಾ ಮೆಟ್ಟಿಲ ಕೆಳಗೆ. ಮುಚ್ಚಳದ ಮೇಲೆ ಅವನು ಬಣ್ಣದಲ್ಲಿ ಬರೆದ ಗುರುತನ್ನು ಓದಲು ಬಾರದಿದ್ದರೂ ಯಾವ ಗುರುತು ಯಾವ ಹುಡುಗನದ್ದು ಎಂದು ಅವ್ವನಿಗೆ ಬಾಯಿಪಾಠ. ಬುಧವಾರ ಬಂಗಡೆ ಸಾರು, ಶ್ರಾವಣದಲ್ಲಿ ಮೀನು ಬಂದ್. ತಿಂಗಳ ಹಣ ತಡವಾದರೆ ಡಬ್ಬಿಯೊಳಗೆ ಅನ್ನದ ಮೇಲೆ ಚೀಟಿ. ಒಬ್ಬನಿಗೆ ಎರಡು ಚೀಟಿ ಹೋಗಿ, ಮೂರನೇ ಸಲ ಖಾಲಿ ಡಬ್ಬಿಯೇ ಹೋಯಿತು! ಕರುಣಾಮಯಿ ಅಂತ ನಾನು ಬರೆಯದೆ ಇದ್ದದ್ದು ಇದಕ್ಕೇ. ಹಾಗೆ ಬರೆದಿದ್ದರೆ ಆ ಮನುಷ್ಯನೇ ಎದ್ದು ನಿಲ್ಲುತ್ತಿದ್ದ. ಹನ್ನೆರಡನೆಯ ದಿನ ಊಟಕ್ಕೆ ಅವನೂ ಬಂದಿದ್ದ. ನನ್ನ ಮದುವೆಯ ನಾಲ್ಕು ಬಳೆ ಆ ಡಬ್ಬಿಗಳಿಂದಲೇ ಆದದ್ದು.

ಅವಳ ಭೇದಭಾವವನ್ನೂ ಹೇಳಿದೆ. ಬಂಗಡೆಯ ನಡುತುಂಡು ಅಣ್ಣನಿಗೆ, ಬಾಲ ನನಗೆ. ಇದು ತಪ್ಪೆಂದು ಅವಳಿಗೆ ಎಂದೂ ಅನಿಸಲಿಲ್ಲ. ನನಗೆ ಅರವತ್ತಾದ ಮೇಲೂ ಬಾಲವೇ ಬರುತ್ತಿತ್ತು.

ಅಪ್ಪ ಹೋದ ಮೇಲೆ ಅವಳು ಇದ್ದದ್ದು ನನ್ನ ಮನೆಯಲ್ಲಿ. ಮಗ ಇರುವಾಗ ಮಗಳ ಮನೆಯೇ ಎಂದು ನೆಂಟರು ಕೇಳಿದರೆ ಅವಳ ಉತ್ತರ: “ಅವನ ಮನೆಯಲ್ಲಿ ಇಪ್ಪತ್ನಾಲ್ಕು ತಾಸೂ ನೀರು ಬರ್ತದೆ. ಅಲ್ಲಿ ನನಗೆಂಥ ಕೆಲಸ?” ನಮ್ಮ ಸೊಸೈಟಿಯಲ್ಲಿ ನೀರಿಗೆ ಹೊತ್ತುಗೊತ್ತು ಇತ್ತು. ಅಸಲು ಕಾರಣ ಬೇರೆ. ನಾನು 7.48ರ ಲೋಕಲ್ ಹಿಡಿದು ಕೋಟೆಗೆ ಹೋಗಬೇಕು, ಮಗ ಇನ್ನೂ ತೊಟ್ಟಿಲಲ್ಲಿ. ಅವನನ್ನು ಹತ್ತು ವರ್ಷ ಬೆಳೆಸಿದ್ದು ಅವಳೇ. ಅವನಿಗೆ ಕನ್ನಡ ಬರುವುದು ಅವಳಿಂದ, ಅದೂ ಅಂಕೋಲೆಯ ಕನ್ನಡ. ಕೆಳಗಿನ ಮನೆಯ ಮರಾಠಿ ಮಕ್ಕಳಿಗೆ ಅವಳು ಆಜಿ, ಇವನಿಗೆ ಅಜ್ಜಿ; ಮೆಟ್ಟಿಲಲ್ಲಿ ನಿಂತು ಕೂಗಿದರೆ ಎರಡಕ್ಕೂ ಓ ಅನ್ನುತ್ತಿದ್ದಳು.

2005ರ ಜುಲೈ 26 ನಿಮಗೆ ಕೇಳಿ ಗೊತ್ತಿರಬಹುದು. ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮಗ ಮಾಟುಂಗಾದ ಕಾಲೇಜಿನಲ್ಲಿ ಸಿಕ್ಕಿಬಿದ್ದಿದ್ದ, ಫೋನ್ ಹತ್ತುತ್ತಿರಲಿಲ್ಲ. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಅವ್ವ ಮನೆಯಲ್ಲಿದ್ದ ಕೊಡ, ಬಕೆಟ್ಟು, ಕುಕ್ಕರು, ಕಡೆಗೆ ಚಹಾದ ಪಾತ್ರೆಗೂ ನೀರು ತುಂಬಿಸುತ್ತಿದ್ದಳು. ಊರೇ ಮುಳುಗುತ್ತಿರುವಾಗ ಇದೇನು ಹುಚ್ಚು ಎಂದು ರೇಗಿದೆ. “ಕರೆಂಟು ಹೋಗ್ತದೆ, ಪಂಪು ನಿಲ್ತದೆ. ಹುಡುಗ ಕೆಸರಲ್ಲಿ ನಡೆದು ಬರ್ತಾನೆ, ಕಾಲು ಎಂಥದ್ರಲ್ಲಿ ತೊಳೀತಾನೆ?” ಕರೆಂಟು ಹೋಯಿತು, ಪಂಪು ನಿಂತಿತು. ಅವನು ಮರುದಿನ ಸಂಜೆ ಸೊಂಟದವರೆಗೆ ಕೆಸರು ಮೆತ್ತಿಕೊಂಡು ಬಂದ. ಅವ್ವ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಎರಡು ಬಕೆಟ್ ಸುರಿದಳು.

ನಿಮಗೆ ಒಂದು ಕೆಲಸ ಹೇಳುತ್ತೇನೆ, ಇವತ್ತೇ ಮಾಡಿ. ನಿಮ್ಮ ತಾಯಿಯನ್ನು ಮದುವೆಗೆ ಮುಂಚೆ ಕಂಡವರು ಯಾರಾದರೂ ಉಳಿದಿದ್ದರೆ ಫೋನ್ ಮಾಡಿ. ತುಂಬು ಬಾಳು ಬಾಳಿದರು, ಅಳಬಾರದು ಅನ್ನುತ್ತಾರೆ ಎಲ್ಲರೂ. ಆದರೆ ತುಂಬು ಬಾಳಿನ ತೊಂದರೆ ಇದೇ, ಜೊತೆಯವರೆಲ್ಲ ಮೊದಲೇ ಹೋಗಿರುತ್ತಾರೆ. ನಮಗೆ ಸಿಕ್ಕಿದ್ದು ಚಿಕ್ಕಮ್ಮ ಒಬ್ಬಳೇ, ಎಂಬತ್ತಾರು ವರ್ಷ, ಕಿವಿ ಮಂದ. ಕೂಗಿ ಕೂಗಿ ಕೇಳಿದ್ದಕ್ಕೆ, “ನಿನ್ನ ಅವ್ವನಾ? ಮಳೆಗಾಲ ಬಿಟ್ಟರೆ ದಿನಾ ಗಂಗಾವಳಿ ಹೊಳೆಯಲ್ಲೇ ಇರ್ತಿದ್ಲು. ಗಂಡುಹುಡುಗರಿಗಿಂತ ಜೋರು ಈಜ್ತಿದ್ಲು” ಅಂದಳು. ನಮ್ಮನ್ನು ಜುಹೂ ಕಡಲತೀರಕ್ಕೆ ಕರೆದೊಯ್ದಾಗೆಲ್ಲ ಸೀರೆ ಒದ್ದೆಯಾಗದಂತೆ ಮರಳಲ್ಲಿ ಚಪ್ಪಲಿ ಕಾಯುತ್ತಾ ಕೂತಿರುತ್ತಿದ್ದ ಅವ್ವನಿಗೆ ಈಜು ಬರುತ್ತದೆಂದು, ಅವಳು ಸತ್ತ ಐದನೆಯ ದಿನ ನನಗೆ ಗೊತ್ತಾಯಿತು. ಆಗ ಅತ್ತೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಕಾಯಿಲೆ, ಆಸ್ಪತ್ರೆಯ ವಿಷಯ ನಾನು ಎತ್ತಲಿಲ್ಲ. ತೊಂಬತ್ತೆರಡು ವರ್ಷದಲ್ಲಿ ಅದು ಮೂರು ವಾರ, ಅಷ್ಟೆ. ಹೊಗಳಿಕೆಯನ್ನು ಬಂದವರೇ ಮಾಡುತ್ತಾರೆ, ಅದಕ್ಕೆ ನೀವು ಬೇಕಿಲ್ಲ. ಐದು ನಿಮಿಷ ಸಾಕು, ಎಲೆ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

ನನ್ನದು ಮುಗಿದ ಮೇಲೆ ಮಗ ಎದ್ದ. “ಅಜ್ಜಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಮ್ಮಿ. ಬೆಳಿಗ್ಗೆ ಎಬ್ಬಿಸುವಾಗ ‘ಏ ಮೇಲ್ಯಾ’ ಅನ್ನುತ್ತಿದ್ದಳು. ಮರಾಠಿಯಲ್ಲಿ ಹಾಗಂದರೆ ಸತ್ತವನೇ ಎಂದು. ಈಗ ಅವಳೇ…” ಎಂದು ಅಲ್ಲಿಗೇ ನಿಲ್ಲಿಸಿದ. ಚಾಳಿನ ಹಳೇ ಹೆಂಗಸರು ಮೊದಲು ನಕ್ಕರು, ಆಮೇಲೆ ಎಲ್ಲರೂ. ಸೂತಕದ ಮನೆಯಲ್ಲಿ ಆಡುವ ಮಾತಾ ಇದು ಎಂದು ಅತ್ತಿಗೆ ಸಿಟ್ಟಾಗಿ ಒಳಗೆ ಹೋದರು. ಅವನೊಂದಿಗೆ ಈಗಲೂ ಅಷ್ಟಕ್ಕಷ್ಟೇ.